ಒಂದು ಮರ, ವಾರಕ್ಕೆ ಹತ್ತು ನಿಮಿಷ: ಪ್ರೈಮರಿ ಶಾಲೆಯಲ್ಲಿ ಸೀಸನ್‌ವಾಚ್ ಎಷ್ಟು ಉಪಯೋಗಕ್ಕೆ ಬರುತ್ತದೆ?

ವಾತಾವರಣ ಬದಲಾದರೆ ಗಿಡಮರಗಳಿಗೆ ಏನಾಗುತ್ತದೆ ಎಂದು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಹೇಳಹೊರಟರೆ ಕೈಗೆ ಸಿಗುವ ಸಾಮಗ್ರಿ ಹೆಚ್ಚಾಗಿ ಎರಡು ಬಗೆಯದು. ಕರಗುವ ಹಿಮ, ಬಿರುಕು ಬಿಟ್ಟ ನೆಲ, ಕಣ್ಣೀರು ಹಾಕುವ ಭೂಮಿ ಇರುವ ಚಾರ್ಟು ಒಂದು. 'ಗಿಡ ನೆಡೋಣ' ಎಂದು ಮುಗಿಯುವ ಪಾಠ ಇನ್ನೊಂದು. ಮೊದಲನೆಯದು ಮಕ್ಕಳಿಗೆ ದಿಗಿಲು ಹುಟ್ಟಿಸುತ್ತದೆ, ಎರಡನೆಯದು ಬಾಯಿಪಾಠ ಆಗುತ್ತದೆ. ಶಾಲೆಯ ಅಂಗಳದಲ್ಲಿ ನಿಂತಿರುವ ಹೊಂಗೆ ಮರಕ್ಕೂ ಈ ಮಾತಿಗೂ ಏನು ಸಂಬಂಧ ಅನ್ನುವುದು ಎರಡರಲ್ಲೂ ಇರುವುದಿಲ್ಲ. ಸೀಸನ್‌ವಾಚ್ ಆ ಸಂಬಂಧವನ್ನು ಅರ್ಧ ಕಟ್ಟಿಕೊಡುತ್ತದೆ. ಉಳಿದರ್ಧ ಟೀಚರ್ ಕೆಲಸ, ಮತ್ತು ಅದನ್ನು ಮಾಡದೇ ಹೋದರೆ ಮೊದಲರ್ಧವೂ ಬರೀ ಫಾರಂ ತುಂಬುವ ಕೆಲಸವಾಗಿಬಿಡುತ್ತದೆ.

ಗೊತ್ತಿಲ್ಲದವರಿಗೆ: ಇದು ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ, 2010ರಿಂದ ಇರುವ ಯೋಜನೆ. ನೂರಕ್ಕೂ ಹೆಚ್ಚು ಜಾತಿಯ ಸಾಮಾನ್ಯ ಮರಗಳ ಪಟ್ಟಿಯಿಂದ ಒಂದು ಮರ ಆರಿಸಿ, ಹೆಸರು ನೋಂದಾಯಿಸಿ, ವಾರಕ್ಕೊಮ್ಮೆ ಅದರ ಎಲೆ, ಹೂ, ಕಾಯಿಯ ಸ್ಥಿತಿ ಬರೆದು ವೆಬ್‌ಸೈಟಿಗೋ ಆ್ಯಪಿಗೋ ಹಾಕುವುದು. ದುಡ್ಡು ಕೊಡಬೇಕಿಲ್ಲ. ಒಂದೇ ಸಲ ನೋಡಿ ಬರೆಯುವ ದಾರಿಯೂ ಇದೆ, ಆದರೆ ಶಾಲೆಗೆ ವಾರದ ನೋಟವೇ ಸರಿ. ಕೇರಳದಲ್ಲಿ ಮಾತೃಭೂಮಿ ಪತ್ರಿಕೆಯ ಸೀಡ್ ಕಾರ್ಯಕ್ರಮದ ಮೂಲಕ ಸಾಕಷ್ಟು ಶಾಲೆಗಳು ಇದರಲ್ಲಿ ಸೇರಿಕೊಂಡಿವೆ.

ಇದರ ಬಲ ಇರುವುದು ಪ್ರಶ್ನೆಯ ಸರಳತೆಯಲ್ಲಿ. ಚಿಗುರು ಇದೆಯೇ, ಬಲಿತ ಎಲೆ ಇದೆಯೇ, ಉದುರುವ ಎಲೆ ಇದೆಯೇ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು? ಒಂದೊಂದಕ್ಕೂ ಮೂರೇ ಉತ್ತರ: ಇಲ್ಲ, ಸ್ವಲ್ಪ, ತುಂಬಾ. ಮರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ, ಹೆಚ್ಚಿದ್ದರೆ ತುಂಬಾ. ಎಂಟು ವರ್ಷದ ಮಗುವಿಗೆ ಶೇಕಡಾ ಲೆಕ್ಕ ಬರುವುದಿಲ್ಲ, ಮೂರು ಪಾಲು ಮಾಡುವುದು ಬರುತ್ತದೆ. ಹೋಳಿಗೆಯನ್ನು ಮೂವರು ಹಂಚಿಕೊಂಡ ಹಾಗೆ ಮರದ ತಲೆಯನ್ನು ಕಣ್ಣಲ್ಲೇ ಮೂರು ಪಾಲು ಮಾಡಲು ಹೇಳಿದರೆ ಎರಡನೇ ವಾರಕ್ಕೆ ಸಲೀಸಾಗಿ ಮಾಡುತ್ತಾರೆ.

ಹಣ್ಣಾಗಿ ಉದುರುವ ಎಲೆಗೆ ನಮ್ಮಲ್ಲಿ 'ಹಣ್ಣೆಲೆ' ಎಂಬ ಒಳ್ಳೆಯ ಪದ ಇದೆ. ಗಾದೆಯಲ್ಲೂ ಇದೆ. ಆದರೆ ಚಿಕ್ಕ ಮಕ್ಕಳ ಹಾಳೆಯಲ್ಲಿ 'ಹಣ್ಣು' ಮತ್ತು 'ಹಣ್ಣೆಲೆ' ಎರಡೂ ಇದ್ದರೆ ಟಿಕ್ ಅದಲುಬದಲಾಗುತ್ತದೆ. 'ಉದುರುವ ಎಲೆ' ಎಂದೇ ಬರೆಯಿರಿ.

ಮರದ ಆಯ್ಕೆಯಲ್ಲೇ ಅರ್ಧ ಗೆಲುವು. ಹೊಂಗೆ, ಬೇವು, ಮಾವು, ನೇರಳೆ, ಕಕ್ಕೆ, ಹುಣಸೆ: ಇವುಗಳಲ್ಲಿ ಶಾಲೆಯ ಗೇಟಿನಿಂದ ನಡೆದುಹೋಗುವಷ್ಟು ಹತ್ತಿರ ಇರುವುದು ಯಾವುದೋ ಅದು. ಆಲ, ಅತ್ತಿ, ಅರಳಿ ಮೊದಲ ವರ್ಷಕ್ಕೆ ಬೇಡ. ಇವುಗಳ ಹೂ 'ಕಾಯಿ'ಯ ಒಳಗೇ ಇರುವುದರಿಂದ ಹೂವಿನ ಕಾಲಂ ವರ್ಷಪೂರ್ತಿ ತಲೆನೋವು. ಹಲಸೂ ಬೇಡ, ಗಂಡು ಹೂವಿನ ಗೊನೆಯನ್ನು ಮಕ್ಕಳು ಎಳೆ ಹಲಸು ಎಂದೇ ಬರೆಯುತ್ತಾರೆ. ನಲ್ಲಿಯ ಪಕ್ಕ, ಚರಂಡಿ ಬದಿಯಲ್ಲಿ ಸದಾ ನೀರು ಕುಡಿಯುವ ಮರವನ್ನು ಬಿಡಿ. ಅದಕ್ಕೆ ಬೇಸಿಗೆ ಬಂದದ್ದೇ ಗೊತ್ತಾಗುವುದಿಲ್ಲ. ಮಾವಾದರೆ ಹೂ ಬರಿಸಲು ಬುಡಕ್ಕೆ ಔಷಧಿ ಹಾಕಿದ ತೋಟದ ಮರ ಬೇಡವೇ ಬೇಡ. ಬೇಲಿಯ ಮಾವು, ದೇವಸ್ಥಾನದ ಮಾವು ಚೆನ್ನ.

ಬೇಕಾದ ಸಾಮಾನು: 200 ಪುಟದ ರಟ್ಟಿನ ನೋಟ್‌ಬುಕ್ಕು, ಟೈಲರ್ ಟೇಪು, ಸುತಳಿ, ಸೀಮೆಸುಣ್ಣ, ಟೀಚರ್ ಫೋನು. ಫೋನು ಕೊನೆಯಲ್ಲಿ ಬರಲಿ. ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಟೀಚರ್ ಒಬ್ಬರೇ ಆ್ಯಪಿಗೆ ಏರಿಸುವುದು ಸರಿಯಾದ ಕ್ರಮ. ಮರದ ಕೆಳಗೆ ನಿಂತು ಫೋನು ತೆಗೆದರೆ ಮೂವತ್ತು ಮಕ್ಕಳೂ ಪರದೆ ನೋಡುತ್ತಾರೆ, ಮರವನ್ನಲ್ಲ.

ವಾರದ ನೋಟ ಹೀಗೆ ನಡೆಯಬೇಕು. ವಾರ ನಿಗದಿ, ಸಮಯ ನಿಗದಿ. ಬುಧವಾರ ಪ್ರಾರ್ಥನೆ ಆದಮೇಲೆ ಅಂದುಕೊಳ್ಳಿ. ಮರದ ಬುಡದಿಂದ ಹತ್ತು ಹದಿನೈದು ಹೆಜ್ಜೆ ದೂರದಲ್ಲಿ ನಾಲ್ಕೂ ದಿಕ್ಕಿಗೆ ಸೀಮೆಸುಣ್ಣದಲ್ಲೋ ಕಲ್ಲಿಟ್ಟೋ ಗುರುತು ಮಾಡಿ, ಪ್ರತಿ ಗುರುತಿನಲ್ಲೂ ಇಬ್ಬರು ನಿಂತು ನೋಡಬೇಕು. ಆಮೇಲೆ ಒಟ್ಟಿಗೆ ಸೇರಿ ನಾಲ್ಕು ಜೋಡಿಯ ಉತ್ತರ ಹೋಲಿಸಿ ಒಂದನ್ನು ಬರೆಯುವುದು. ಈ ನಾಲ್ಕು ದಿಕ್ಕಿನ ಗೋಜು ಯಾಕೆಂದರೆ, ಬಿಟ್ಟರೆ ಎಲ್ಲರೂ ಕೈಗೆ ಎಟಕುವ ಕೆಳಗಿನ ಕೊಂಬೆಯೊಂದನ್ನೇ ನೋಡಿ ಬರೆಯುತ್ತಾರೆ. ಬಿಸಿಲು ಬೀಳುವ ಬದಿ ಮೊದಲು ಹೂ ಬಿಡುವುದೂ ಉಂಟು. ಹತ್ತು ನಿಮಿಷ ಸಾಕು.

ಎಲ್ಲಿ ತಪ್ಪುತ್ತಾರೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾವಿನ ಚಿಗುರು ತಾಮ್ರದ ಬಣ್ಣ, ಮೆತ್ತಗೆ ಜೋತುಬಿದ್ದಿರುತ್ತದೆ. ಮಕ್ಕಳ ಕಣ್ಣಿಗೆ ಅದು ಬಾಡಿದ ಎಲೆ. 'ಉದುರುವ ಎಲೆ: ತುಂಬಾ' ಎಂದು ಬರೆದುಬಿಡುತ್ತಾರೆ, ಮರ ಹೊಸ ಬಟ್ಟೆ ಹಾಕಿಕೊಂಡ ವಾರವೇ ಸಾಯುತ್ತಿದೆ ಎಂಬ ವರದಿ ಹೋಗುತ್ತದೆ. ಪರಿಹಾರ ಸುಲಭ: ಎಲೆ ರೆಂಬೆಯ ತುದಿಯಲ್ಲಿದೆಯೋ ಬುಡದ ಕಡೆ ಇದೆಯೋ ನೋಡುವುದು. ತುದಿಯಲ್ಲಿದ್ದರೆ ಚಿಗುರು. ಮುಟ್ಟಿದರೆ ರೇಷ್ಮೆ ಹಾಗೆ ಇರುತ್ತದೆ, ಉದುರುವ ಎಲೆ ಹಪ್ಪಳದ ಹಾಗೆ.

ಹೊಂಗೆಯದ್ದು ಬೇರೆಯದೇ ತಮಾಷೆ. ಎಲೆಯ ಮೇಲೆ ಬೆರಳಿನ ತುದಿಯಂತೆ ಎದ್ದು ನಿಂತ ಗಂಟುಗಳು ಕಾಣುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಒಳಗೆ ಸೇರಿಕೊಂಡು ಎಲೆಯಿಂದ ಕಟ್ಟಿಸಿಕೊಂಡ ಮನೆ ಅದು. ಮಕ್ಕಳು ಅದನ್ನು 'ಕಾಯಿ' ಎಂದು ಎಣಿಸುತ್ತಾರೆ. ನಿಜವಾದ ಹೊಂಗೆ ಕಾಯಿ ಚಪ್ಪಟೆ, ತುದಿ ಕೊಕ್ಕೆಯಂತೆ, ಒಳಗೆ ಒಂದು ಅಥವಾ ಎರಡು ಬೀಜ. ಹಣ್ಣಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಹಾಗಾಗಿ ಹೋದ ವರ್ಷದ ಒಣಕಾಯಿಯೂ ಈ ವರ್ಷದ ಹೂವೂ ಒಂದೇ ಕೊಂಬೆಯಲ್ಲಿ ಸಿಗುವುದು ಸಹಜ. ಅದನ್ನು ನೋಡಿ 'ಹವಾಮಾನ ಕೆಟ್ಟಿದೆ' ಎನ್ನಬಾರದು.

ಎಲ್ಲಕ್ಕಿಂತ ದೊಡ್ಡ ತಪ್ಪು ಖಾಲಿ ಮತ್ತು 'ಇಲ್ಲ' ನಡುವಿನದ್ದು. 'ಇಲ್ಲ' ಎಂದರೆ ಹೋಗಿ ನೋಡಿದೆವು, ಹೂ ಇರಲಿಲ್ಲ. ಖಾಲಿ ಎಂದರೆ ಆ ವಾರ ಹೋಗಲಿಲ್ಲ. ಇನ್‌ಸ್ಪೆಕ್ಷನ್ ದಿನ ಹತ್ತಿರ ಬಂದಾಗ ಖಾಲಿ ಬಿಟ್ಟ ವಾರಗಳನ್ನು ಕೂತಲ್ಲೇ 'ಇಲ್ಲ' ಎಂದು ತುಂಬುವ ಆಸೆ ಬರುತ್ತದೆ. ಆ ಒಂದು ಕೆಲಸದಿಂದ ಇಡೀ ವರ್ಷದ ಹಾಳೆ ದಂಡ. ಖಾಲಿ ಇದ್ದರೆ ಏನೂ ನಷ್ಟವಿಲ್ಲ ಎಂದು ಮೊದಲ ದಿನವೇ ಹೇಳಬೇಕು.

ಇಷ್ಟು ಮಾಡಿದರೆ ಮಕ್ಕಳಿಗೆ ಮರದ ಗಡಿಯಾರ ಕಾಣಿಸುತ್ತದೆ. ಆ ಗಡಿಯಾರ ಹೆಚ್ಚುಕಡಿಮೆಯಾದರೆ ಮರಕ್ಕೆ ಏನು ಅಪಾಯ ಅನ್ನುವುದು ಮಾತ್ರ ಈ ಹಾಳೆಯಲ್ಲಿ ಇಲ್ಲ. ಸೀಸನ್‌ವಾಚ್ ಮಾಹಿತಿ ಕಲೆಹಾಕಲು ಮಾಡಿದ್ದು, ಪಾಠ ಹೇಳಲು ಅಲ್ಲ. ಆ ಜಾಗ ತುಂಬಲು ಕೆಳಗಿನ ನಾಲ್ಕು ಕೆಲಸ ಸಾಕು, ನಾಲ್ಕೂ ನೋಂದಾಯಿಸಿದ ಮರದಿಂದಲೇ ಹುಟ್ಟುವಂಥವು.

ಮಾವಿನಿಂದ ಶುರು ಮಾಡೋಣ. ಮಾವಿಗೆ ಹೂ ಬಿಡಲು ಚಳಿಯ ರಾತ್ರಿಗಳು ಬೇಕು. ಡಿಸೆಂಬರ್ ಜನವರಿಯಲ್ಲಿ ರಾತ್ರಿ ಸಾಕಷ್ಟು ತಣ್ಣಗಾಗದಿದ್ದರೆ ಮೊಗ್ಗು ಹೂವಾಗುವ ಬದಲು ಚಿಗುರಾಗಿ ಒಡೆಯುತ್ತದೆ. ಹಾಳೆಯಲ್ಲಿ ಇದು ಸೊಗಸಾಗಿ ಕಾಣುತ್ತದೆ: ಜನವರಿಯಲ್ಲಿ 'ಚಿಗುರು: ತುಂಬಾ, ಹೂ: ಇಲ್ಲ'. ಹೂ ಬಂದಮೇಲೆ ಅಕಾಲದ ಮಳೆ ಬಿದ್ದರೆ ಪರಾಗ ತೊಳೆದು ಹೋಗುತ್ತದೆ, ನೊಣ ಹಾರುವುದಿಲ್ಲ, ಹೂಗೊಂಚಲಿಗೆ ರೋಗ ಹತ್ತುತ್ತದೆ. ಮಾವಿನ ಪರಾಗ ಹೊರುವ ಕೆಲಸದಲ್ಲಿ ಜೇನಿಗಿಂತ ನೊಣದ ಪಾಲೇ ದೊಡ್ಡದು ಎಂದಾಗ ಮಕ್ಕಳು ನಗುತ್ತಾರೆ, ಮರೆಯುವುದಿಲ್ಲ. ಮಾವು ಒಂದು ವರ್ಷ ಬಿಟ್ಟು ಒಂದು ವರ್ಷ ಜಾಸ್ತಿ ಫಸಲು ಕೊಡುವ ಮರ ಎಂಬುದನ್ನೂ ಜೊತೆಗೇ ಹೇಳಬೇಕು, ಇಲ್ಲದಿದ್ದರೆ ಹೂ ಕಡಿಮೆ ಬಂದ ವರ್ಷವೆಲ್ಲ ಬಿಸಿಲಿನ ತಲೆಗೆ ಕಟ್ಟುತ್ತಾರೆ.

ನೇರಳೆಯಿಂದ ಬೀಜದ ಪಾಠ. ನೇರಳೆ ಬೀಜ ಹೆಸರುಕಾಳಿನ ಹಾಗೆ ಡಬ್ಬಿಯಲ್ಲಿ ವರ್ಷ ಕಾಯುವುದಿಲ್ಲ, ಒಣಗಿತೋ, ಸತ್ತಿತು. ಹಣ್ಣು ಉದುರುವ ಹೊತ್ತಿಗೆ ಮುಂಗಾರು ಬರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಸಂಸಾರ ಅದು. ಜೂನ್‌ನಲ್ಲಿ 20 ಬೀಜ ಆರಿಸಿ, ತಿರುಳು ಪೂರ್ತಿ ತೊಳೆಯಿರಿ. ಹತ್ತನ್ನು ಅಂದೇ ಒಂದು ಕುಂಡದಲ್ಲಿ, ಬೆರಳಿನ ಗೆಣ್ಣಿನಷ್ಟು ಆಳದಲ್ಲಿ ಊರಿ. ಇನ್ನು ಹತ್ತನ್ನು ಗಾಳಿಯಾಡುವ ಬಟ್ಟೆಯ ಮೇಲೆ ಹರಡಿ, ಮೂರು ವಾರ ಚೆನ್ನಾಗಿ ಒಣಗಿಸಿ ಆಮೇಲೆ ಅದೇ ಮಣ್ಣು ತುಂಬಿದ ಇನ್ನೊಂದು ಕುಂಡದಲ್ಲಿ ಊರಿ. ಎರಡಕ್ಕೂ ಒಂದೇ ಲೋಟದ ಅಳತೆಯಲ್ಲಿ ನೀರು. ಊರಿದ ನಾಲ್ಕು ವಾರಕ್ಕೆ ಎಣಿಸಿದರೆ ಅಂತರ ಎದ್ದು ಕಾಣುತ್ತದೆ. ಮಲೆನಾಡಿನಲ್ಲಿ ಜೂನ್‌ನಲ್ಲಿ ಒಣಗಿಸುವುದೇ ಕಷ್ಟ, ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಅಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಡಿ, ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಕಟ್ಟಿಡಬೇಡಿ. ಮೊಳೆತ ಕುಣಿಗಳಲ್ಲಿ ಒಂದೇ ಬೀಜದಿಂದ ಎರಡು ಮೂರು ಸಸಿ ಏಳಬಹುದು. ತಪ್ಪು ಎಣಿಕೆ ಅಲ್ಲ, ನೇರಳೆಯ ಗುಣ. ಸಸಿ ಎಣಿಸದೆ, ಮೊಳೆತ ಬೀಜ ಎಣಿಸಿ.

ಮಳೆ ಒಂದು ತಿಂಗಳು ತಡವಾದರೆ ದೊಡ್ಡ ನೇರಳೆ ಮರಕ್ಕೆ ಏನೂ ಆಗುವುದಿಲ್ಲ. ಅದು ಹಸಿರಾಗಿಯೇ ನಿಂತಿರುತ್ತದೆ. ಕೆಳಗೆ ಸಸಿ ಮಾತ್ರ ಏಳುವುದಿಲ್ಲ. ಗಿಡಗಳಿಗೆ ಬರುವ ಅಪಾಯ ಇಷ್ಟು ಸದ್ದಿಲ್ಲದ್ದು ಎಂಬುದು ಚಾರ್ಟಿನಲ್ಲಿ ಬರುವುದಿಲ್ಲ, ಈ ಎರಡು ಕುಂಡಗಳಲ್ಲಿ ಬರುತ್ತದೆ.

ಮೂರನೆಯದು ಮಳೆಗಾಲದಲ್ಲಿ ಮಾಡಬಹುದಾದ ನೀರಿನ ಪಾಠ. ಮೂರು ಲೋಟ, ಒಂದೊಂದಕ್ಕೂ ಹತ್ತು ಹೆಸರುಕಾಳು. ಒಂದರಲ್ಲಿ ಒದ್ದೆ ಬಟ್ಟೆ. ಇನ್ನೊಂದರಲ್ಲಿ ಕಾಳು ಮುಳುಗಿ ಮೇಲೆ ನಾಲ್ಕು ಬೆರಳು ನೀರು. ಮೂರನೆಯದರಲ್ಲಿ ಒದ್ದೆ ಬಟ್ಟೆಯೇ, ಆದರೆ ಒಂದು ಲೀಟರಿಗೆ ಎರಡು ಟೀ ಚಮಚ ಉಪ್ಪು ಕರಗಿಸಿದ ನೀರಿನಲ್ಲಿ ನೆನೆಸಿದ್ದು. ಎರಡು ದಿನಕ್ಕೆ ಮೊದಲ ಲೋಟ ಕೋಸಂಬರಿಗೆ ತಯಾರು. ಮುಳುಗಿದ ಕಾಳು ಸ್ವಲ್ಪ ಮೂತಿ ತೋರಿಸಿ ಅಲ್ಲೇ ನಿಂತು, ಮೂರನೇ ದಿನ ನಾರುತ್ತದೆ, ಯಾಕೆಂದರೆ ನೀರೊಳಗೆ ಬೀಜಕ್ಕೆ ಉಸಿರಾಡಲು ಗಾಳಿ ಸಾಲದು. ಉಪ್ಪಿನ ಲೋಟದ್ದು ಹಿಂದೆ ಬೀಳುತ್ತದೆ, ಉಪ್ಪು ನೀರನ್ನು ಬೀಜಕ್ಕೆ ಬಿಟ್ಟುಕೊಡುವುದಿಲ್ಲ. ಕರಾವಳಿಯ ಮಕ್ಕಳಿಗೆ ಇದನ್ನು ಮಾಡುವಾಗ ಕುಮಟಾ ಕಡೆಯ ಗಜನಿ ಗದ್ದೆಯ ಕಗ್ಗ ಭತ್ತವನ್ನು ನೆನಪಿಸದೆ ಇರಬಾರದು. ಅಘನಾಶಿನಿಯ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ ಬದುಕುವ ತಳಿ ಅದು. ಎಲ್ಲ ಗಿಡಕ್ಕೂ ಒಂದೇ ಬದಲಾವಣೆ ಒಂದೇ ಥರ ಹೊಡೆಯುವುದಿಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ನಾಲ್ಕನೆಯದು ಮೆಟ್ಟಿಲಾಟ. ಮೇಲೆ ಹೋದಂತೆ ಪ್ರತಿ 1000 ಮೀಟರಿಗೆ ಸುಮಾರು 6 ಡಿಗ್ರಿ ತಂಪಾಗುತ್ತದೆ. ಅಂದರೆ 1 ಡಿಗ್ರಿ ಸೆಕೆ ಹೆಚ್ಚಾದರೆ, ಮೊದಲಿನ ತಂಪು ಬೇಕಾದ ಗಿಡ ಸುಮಾರು 160 ಮೀಟರ್ ಮೇಲಕ್ಕೆ ಹೋಗಬೇಕು. ಶಾಲೆಯ ಒಂದು ಮೆಟ್ಟಿಲು 160 ಮೀಟರ್ ಎಂದುಕೊಂಡರೆ ಸುಮಾರು 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ 12 ಮೆಟ್ಟಿಲು. ಮಕ್ಕಳು ಗಿಡಗಳಾಗಿ ಬೇರೆಬೇರೆ ಮೆಟ್ಟಿಲಲ್ಲಿ ನಿಲ್ಲಲಿ. ಟೀಚರ್ 'ಒಂದು ಡಿಗ್ರಿ' ಎಂದಾಗ ಎಲ್ಲರೂ ಒಂದು ಮೆಟ್ಟಿಲು ಏರಬೇಕು, ಆದರೆ ತಾವಾಗಿ ಅಲ್ಲ. ಗಿಡ ನಡೆಯುವುದಿಲ್ಲ, ಬೀಜ ಹೋಗುತ್ತದೆ. ಹಕ್ಕಿಯಾದ ಮಗು ಬಂದು ಕೈಹಿಡಿದರೆ ಮಾತ್ರ ಏರಬಹುದು. ಮೂವತ್ತು ಗಿಡಕ್ಕೆ ಮೂರೇ ಹಕ್ಕಿ ಇಡಿ. ಎರಡು ಸುತ್ತಿಗೆ ಆಟ ಅರ್ಥವಾಗುತ್ತದೆ. ಕೆಳಗಿನವರು ಹಕ್ಕಿ ಸಿಗದೆ ಉಳಿದುಬಿಡುತ್ತಾರೆ, ತುದಿಯ ಮೆಟ್ಟಿಲಲ್ಲಿದ್ದವರಿಗೆ ಮುಂದೆ ಬೆಟ್ಟವೇ ಇರುವುದಿಲ್ಲ. ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳಲ್ಲಿರುವ ಶೋಲಾ ಕಾಡಿನ ಗಿಡಗಳ ಪಾಡು ಇದೇ.

ಇಲ್ಲಿ ಒಂದು ಮಾತು ತಪ್ಪದೆ ಸೇರಿಸಬೇಕು: ಗಿಡ ಅಳಿಯಲು ಸೆಕೆ ಒಂದೇ ಕಾರಣ ಅಲ್ಲ, ಈಗಿನ ಮಟ್ಟಿಗೆ ಮೊದಲ ಕಾರಣವೂ ಅಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನ 2020ರ ವರದಿಯಲ್ಲಿ ಜಗತ್ತಿನ ಸಸ್ಯಜಾತಿಗಳಲ್ಲಿ ಐದಕ್ಕೆ ಎರಡು ಅಳಿವಿನ ಅಪಾಯದಲ್ಲಿವೆ ಎಂದು ಅಂದಾಜು ಮಾಡಿತ್ತು. ಅದರ ಹಿಂದಿನ ದೊಡ್ಡ ಕಾರಣ ಕಾಡು ಕಡಿದು ಹೊಲ, ತೋಟ ಮಾಡುವುದು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ಜೌಗು ಕಾಡುಗಳನ್ನು ತೆಗೆದುಕೊಳ್ಳಿ. ವರ್ಷವಿಡೀ ನೀರು ನಿಲ್ಲುವ ಆ ಜಾಗದಲ್ಲಿ ಕಾಡುಜಾಯಿಕಾಯಿಯ ಮರಗಳು ಉಸಿರಾಡಲು ಮಂಡಿ ಮಡಚಿದಂತಹ ಬೇರನ್ನು ನೀರಿನ ಮೇಲೆ ಎತ್ತುತ್ತವೆ. ಕತ್ತಲೆಕಾನಿನ ಹೆಸರನ್ನೇ ಹೊತ್ತ, ಗೇರಿನ ಬಳಗದ ಒಂದು ಮರವನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದು 2000ದಲ್ಲಿ. ಅದು ಈಗಾಗಲೇ ಅತ್ಯಂತ ಅಪಾಯದಲ್ಲಿರುವ ಪಟ್ಟಿಯಲ್ಲಿದೆ. ಇಂಥ ಜೌಗುಗಳು ಹೆಚ್ಚಿನವು ಗದ್ದೆ, ಅಡಿಕೆ ತೋಟವಾಗಿ ಹೋದವು. ಹಳ್ಳದ ನೀರು ಬೇರೆ ಕಡೆ ತಿರುಗಿದರೂ ಸಾಕು, ಆ ಬೇರುಗಳಿಗೆ ಅಲ್ಲಿ ಕೆಲಸವಿಲ್ಲ.

ಇನ್ನು ಸೀಸನ್‌ವಾಚ್ ಬಳಸುವವರು ಎಡವುವ ಜಾಗ. ಒಂದು ಮರವನ್ನು ಒಂದು ವರ್ಷ ನೋಡಿದರೆ ಹವಾಮಾನ ಬದಲಾವಣೆ ಕಾಣುವುದಿಲ್ಲ. ಕಾಣುವುದು ಆ ವರ್ಷದ ಹವೆ ಮಾತ್ರ. ಭಾರತದ ಸರಾಸರಿ ತಾಪಮಾನ 1901ರಿಂದ 2018ರವರೆಗೆ ಏರಿದ್ದು ಸುಮಾರು 0.7 ಡಿಗ್ರಿ. ಅದರ ಗುರುತು ಸಿಗಬೇಕಾದರೆ ಸಾವಿರಾರು ಮರ, ಹತ್ತಾರು ವರ್ಷ ಬೇಕು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಪೂರ್ತಿ ಅರಳಿದ ದಿನದ ದಾಖಲೆ 812ನೇ ಇಸವಿಯಿಂದ ಸಿಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಅರಳಿದಾಗ, ಅದುವರೆಗಿನ ದಾಖಲೆಗಳಲ್ಲೇ ಅದು ಅತಿ ಮುಂಚೆ ಎಂದು ಹೇಳಲು ಸಾಧ್ಯವಾದದ್ದು ಅಷ್ಟು ಕಾಲ ಯಾರೋ ಬರೆದಿಟ್ಟಿದ್ದರಿಂದ.

ಹಬ್ಬದ ಲೆಕ್ಕದಲ್ಲೂ ಒಂದು ಗುಂಡಿ ಇದೆ. 'ಮೊದಲು ಯುಗಾದಿಗೆ ಸರಿಯಾಗಿ ಬೇವು ಹೂ ಬಿಡುತ್ತಿತ್ತು, ಈಗ ಬಿಡುತ್ತಿಲ್ಲ' ಎಂದು ಅಜ್ಜಿ ಹೇಳಿದ್ದನ್ನು ಮಕ್ಕಳು ಬರೆದು ತರುತ್ತಾರೆ. ನಮ್ಮ ಯುಗಾದಿ ಚಾಂದ್ರಮಾನದ್ದು. 2023ರಲ್ಲಿ ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ. ಹಬ್ಬವೇ 18 ದಿನ ಜರುಗಿದಾಗ ಮರವನ್ನು ದೂರಿ ಫಲವಿಲ್ಲ. ಕೇರಳದ ವಿಷು ಸೌರಮಾನದ್ದು, ಪ್ರತಿ ವರ್ಷ ಏಪ್ರಿಲ್ 14ರ ಆಸುಪಾಸೇ. ಹಾಗಾಗಿ ವಿಷುವಿಗೆ ಕಕ್ಕೆ ಹೂ ಇತ್ತೋ ಮುಂಚೆಯೇ ಮುಗಿದಿತ್ತೋ ಎಂದು ಅಲ್ಲಿನ ಮಕ್ಕಳು ಕೇಳುವ ಪ್ರಶ್ನೆಗೆ ಅರ್ಥವಿದೆ. ನಮಗೆ ಅಂಥದ್ದೇ ಗಟ್ಟಿ ಅಳತೆ ಬೇಕಾದರೆ ಮಳೆ ನಕ್ಷತ್ರಗಳಿವೆ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಸೂರ್ಯನ ಲೆಕ್ಕದವು, ತಾರೀಕು ಒಂದೆರಡು ದಿನಕ್ಕಿಂತ ಹೆಚ್ಚು ಅಲುಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ತಾರೀಕಿನ ಪಕ್ಕ 'ಯಾವ ಮಳೆ' ಎಂಬ ಕಾಲಂ ಹಾಕಿ. ಅಜ್ಜಿಗೆ 'ನೇರಳೆ ಹಣ್ಣು ಯಾವ ಮಳೆಯಲ್ಲಿ ಬರ್ತಿತ್ತು?' ಎಂದು ಕೇಳಿದರೆ ತಾರೀಕು ಕೇಳಿದ್ದಕ್ಕಿಂತ ಖಚಿತ ಉತ್ತರ ಸಿಗುತ್ತದೆ.

ಕೊರತೆಗಳಲ್ಲಿ ನಮ್ಮ ಶಾಲೆಗಳಿಗೆ ಹೆಚ್ಚು ತಟ್ಟುವುದು ಬೇಸಿಗೆ ರಜೆ. ಏಪ್ರಿಲ್, ಮೇನಲ್ಲಿ ಬಾಗಿಲು ಮುಚ್ಚಿರುವಾಗಲೇ ಹೊಂಗೆ ಹೂ, ಕಕ್ಕೆ ಹೂ, ಮಾವಿನ ಹಣ್ಣು. ಮುಖ್ಯವಾದ ಏಳೆಂಟು ವಾರ ಖಾಲಿ ಹೋಗುತ್ತದೆ. ಇದು ಯೋಜನೆಯ ತಪ್ಪಲ್ಲ, ಆದರೆ ಮೊದಲೇ ದಾರಿ ಹುಡುಕದಿದ್ದರೆ ಹಾಳೆಯ ನಡುವೆ ದೊಡ್ಡ ತೂತು. ಮರದ ಪಕ್ಕದ ಮನೆಯ ನಾಲ್ವರು ಮಕ್ಕಳಿಗೆ ಎರಡೆರಡು ವಾರ ಹಂಚಿ, ನೋಟ್‌ಬುಕ್ಕು ಕೈಯಿಂದ ಕೈಗೆ ಹೋಗುವಂತೆ ಮಾಡಬಹುದು. ಇನ್ನೊಂದು ಕೊರತೆ, ಮೂರನೇ ಒಂದು ಎಂಬ ಅಳತೆ ಒರಟು. ನೂರು ಹೂವಿಗೂ ಸಾವಿರ ಹೂವಿಗೂ 'ಸ್ವಲ್ಪ' ಎಂದೇ ಬೀಳಬಹುದು. ಐದನೇ ಕ್ಲಾಸಿನವರಿಗೆ ಇದು ಸಪ್ಪೆ ಅನಿಸಿದರೆ, ಕೈಗೆಟಕುವ ಒಂದು ರೆಂಬೆಗೆ ಸಡಿಲವಾಗಿ ಸುತಳಿ ಕಟ್ಟಿ ಅದರ ಹೂಗೊಂಚಲು, ಕಾಯಿ ಪ್ರತ್ಯೇಕವಾಗಿ ಎಣಿಸಲಿ. ಆ ಲೆಕ್ಕ ಆ್ಯಪಿಗೆ ಹೋಗುವುದಿಲ್ಲ, ನೋಟ್‌ಬುಕ್ಕಿನಲ್ಲೇ ಇರುತ್ತದೆ. ಗೊಂಚಲಲ್ಲಿ ನೂರಾರು ಹೂ ಇದ್ದ ಮಾವಿನಲ್ಲಿ ಕೊನೆಗೆ ನಿಲ್ಲುವುದು ಒಂದೋ ಎರಡೋ ಕಾಯಿ ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ.

ನಾಲ್ಕು, ಐದನೇ ತರಗತಿಗೆ ಇದು ಧಾರಾಳವಾಗಿ ಸರಿ. ಒಂದರಿಂದ ಮೂರರವರೆಗೆ ವಾರದ ಹಾಳೆ ಬೇಡ, ತಿಂಗಳಿಗೊಮ್ಮೆ ಅದೇ ಮರದ ಚಿತ್ರ ಬರೆಸಿದರೆ ಸಾಕು. ಶುರು ಮಾಡುವುದು ಜೂನ್‌ನಲ್ಲಿ, ಮರ ಒಂದೇ. ಎರಡು ಮೂರು ಮರ ನೋಂದಾಯಿಸಿದರೆ ದಸರಾ ರಜೆಯ ಹೊತ್ತಿಗೆ ಒಂದನ್ನೂ ನೋಡದ ಸ್ಥಿತಿ ಬರುತ್ತದೆ. ನೋಂದಣಿಯನ್ನು ಶಾಲೆಯ ಇಮೇಲಿನಲ್ಲಿ ಮಾಡಿ, ಟೀಚರ್ ಸ್ವಂತದ್ದರಲ್ಲಿ ಬೇಡ. ಅವರಿಗೆ ವರ್ಗವಾದರೆ ಮರದ ಲೆಕ್ಕವೂ ಅವರ ಜೊತೆ ಹೋಗುತ್ತದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮರದ ಜಾಗದ ನಕ್ಷೆ, ನಾಲ್ಕು ಗುರುತು ಕಲ್ಲುಗಳ ಸ್ಥಾನ, ಎದೆಯೆತ್ತರದಲ್ಲಿ ಅಳೆದ ಸುತ್ತಳತೆ ಬರೆದಿಡಿ. ಮುಂದಿನ ಜೂನ್‌ನಲ್ಲಿ ಬರುವ ಕ್ಲಾಸು ಅದೇ ಕಲ್ಲಿನ ಮೇಲೆ ನಿಂತು, ಅದೇ ಎತ್ತರದಲ್ಲಿ ಟೇಪು ಸುತ್ತಬೇಕು.